ಫೀಚರ್ ಕಟ್ಟುವ ಮುಂಚೆ ಮುಂಗಡ ಕೇಳಿ

ಆ್ಯಪ್, ಸಾಫ್ಟ್‌ವೇರ್‌ನಂಥ ಪ್ರಾಡಕ್ಟ್ ಕಟ್ಟುವ ಕೆಲಸದಲ್ಲಿರುವವರಿಗೆ ಒಂದು ಸಲಹೆ. ಹೊಸ ಫೀಚರ್, ಅಂದರೆ ಹೊಸ ಸೌಲಭ್ಯ, ಸೇರಿಸುವ ಮುಂಚೆ "ಇಂಥದ್ದು ಬಂದರೆ ಬಳಸುತ್ತೀರಾ?" ಎಂದು ಗ್ರಾಹಕರನ್ನು ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. ಹೂಂ ಅನ್ನೋಕೆ ಕಾಸು ಕೊಡಬೇಕಿಲ್ಲ, ಅಲ್ವಾ? ಅದರ ಬದಲು ಸ್ವಲ್ಪ ಮುಂಗಡ ಹಣ ಕೇಳಿ; ನಿಜವಾಗಿ ಬೇಕಾದವರು ಕೊಡುತ್ತಾರೆ.

2013ರ 'ಲೂಸಿಯಾ' ಸಿನಿಮಾ ನೆನಪಿದೆಯಾ? ನಿರ್ದೇಶಕ ಪವನ್ ಕುಮಾರ್ ನೇರವಾಗಿ ಪ್ರೇಕ್ಷಕರ ಹತ್ತಿರವೇ ಹಣ ಕೇಳಿದರು. ಸುಮಾರು 50 ಲಕ್ಷ ರೂಪಾಯಿ ಸೇರಿತು. ಇಂಥ ಸಿನಿಮಾ ಬೇಕು ಅನ್ನುವವರು ಇದ್ದಾರೆ ಎಂದು ತಯಾರಾಗುವ ಮುಂಚೆಯೇ ಗೊತ್ತಾಯಿತು. ದುಡ್ಡು ಹಾಕಿದವರು ಸುಮ್ನೆ ಕೂರುವುದಿಲ್ಲ ಕೂಡ, ನಾಲ್ಕು ಜನಕ್ಕೆ ಹೇಳುತ್ತಾರೆ.

ನೀವು ಮಾಡಬೇಕಾದ್ದು ಇಷ್ಟೇ: ಒಂದು ವೆಬ್ ಪುಟ, ಬೆಲೆ, ಯುಪಿಐ ಕ್ಯೂಆರ್ ಕೋಡ್. ಜಾಸ್ತಿ ಬೇಡ, 99 ರೂಪಾಯಿ ಸಾಕು. ಫೀಚರ್ ಬರದಿದ್ದರೆ ದುಡ್ಡು ವಾಪಸ್ ಎಂದು ಮೊದಲೇ ಸ್ಪಷ್ಟವಾಗಿ ಬರೆಯಿರಿ. ಮತ್ತೆ, ನೆಂಟರು, ಸ್ನೇಹಿತರು ಕೊಟ್ಟಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.