ಕೋಟೆ ಆಮೇಲೆ ನೋಡೋಣ: ತರಂಗಂಬಾಡಿಯ ಮನೆಗಳನ್ನು ದಾಖಲಿಸಿದ ನನ್ನ ಅನುಭವ

ತಮಿಳುನಾಡಿನ ಕಡಲ ತೀರದ ಊರು ತರಂಗಂಬಾಡಿಗೆ ಹೋದವರೆಲ್ಲ ಮೊದಲು ಡ್ಯಾನ್ಸ್‌ಬರ್ಗ್ ಕೋಟೆಯ ಫೋಟೊ ತೆಗೆಯುತ್ತಾರೆ. ತೆಗೆಯಲಿ, ಕೋಟೆ ನಿಜಕ್ಕೂ ಚೆನ್ನಾಗಿದೆ. ಆದರೆ ಅಲ್ಲಿನ ಹಳೆ ಮನೆಗಳನ್ನು ದಾಖಲಿಸುವ ಕೆಲಸಕ್ಕೆ ಸೇರಿದಾಗ ನಾನು ಕೋಟೆಯನ್ನು ಕೊನೆಗೆ ಇಟ್ಟುಕೊಂಡೆ. ಅದಕ್ಕೆ ತಮಿಳುನಾಡಿನ ಪುರಾತತ್ವ ಇಲಾಖೆಯ ರಕ್ಷಣೆ ಇದೆ, ಒಳಗೊಂದು ಮ್ಯೂಸಿಯಂ ಇದೆ. ಬೀದಿಯ ಮನೆಗಳನ್ನು ಕೇಳುವವರು ಯಾರು? ಇವತ್ತು ಇರುವ ಮನೆ ಮುಂದಿನ ವರ್ಷ ಇರುತ್ತದೆ ಅನ್ನುವ ಖಾತ್ರಿ ಇಲ್ಲ.

ಊರಿನ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1620ರಲ್ಲಿ ತಂಜಾವೂರಿನ ರಘುನಾಥ ನಾಯಕರ ಜೊತೆ ಒಪ್ಪಂದ ಮಾಡಿಕೊಂಡು ಡೆನ್ಮಾರ್ಕಿನವರು ಇಲ್ಲಿ ನೆಲೆಯೂರಿದರು. ಬಂದದ್ದು ಮೆಣಸಿಗಾಗಿ. ಕೋಟೆ ಎದ್ದಿತು, ಆಮೇಲೆ ಊರ ಸುತ್ತ ಗೋಡೆ. 1706ರಲ್ಲಿ ಬಂದ ಪಾದ್ರಿ ಸೀಗನ್‌ಬಾಲ್ಗ್ ತಮಿಳು ಕಲಿತರು, ಇಲ್ಲೇ ಅಚ್ಚುಕೂಟ ನಡೆಸಿ ತಮಿಳು ಪುಸ್ತಕ ಅಚ್ಚು ಹಾಕಿಸಿದರು. 1845ರಲ್ಲಿ ಊರು ಬ್ರಿಟಿಷರಿಗೆ ಮಾರಾಟವಾಯಿತು. ಅಲ್ಲಿಂದ ವ್ಯಾಪಾರ ನಾಗಪಟ್ಟಣದ ಕಡೆ ಸರಿಯಿತು. ದುಡ್ಡು ಇಲ್ಲದ ಊರಿನಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟುವವರು ಕಡಿಮೆ. ಇಷ್ಟೆಲ್ಲ ಉಳಿದದ್ದು ಅದರಿಂದಲೇ, ಯಾರದೋ ಕಾಳಜಿಯಿಂದ ಅಲ್ಲ.

ಕೆಲಸ ಶುರು ಮಾಡಿದ್ದು ನಕ್ಷೆಯಿಂದ. 1733ರ ಒಂದು ಡ್ಯಾನಿಷ್ ನಕ್ಷೆ ಇದೆ. ಅದನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಿದೆ. ಕಿಂಗ್ ಸ್ಟ್ರೀಟ್, ಕ್ವೀನ್ ಸ್ಟ್ರೀಟ್, ಅಡ್ಡಬೀದಿಗಳು, ಹೆಚ್ಚುಕಡಿಮೆ ಎಲ್ಲವೂ ಹಾಗೇ ಕೂತವು. ಕೂರದೇ ಹೋದದ್ದು ಸಮುದ್ರದ ಕಡೆಯ ಅಂಚು. ಆ ಕಡೆಯ ನೆಲವನ್ನು ಅಲೆ ತಿಂದಿದೆ. 1306ರ ಮಾಸಿಲಾಮಣಿನಾಥರ್ ಗುಡಿಯ ಮುಂಭಾಗವೂ ಹಾಗೇ ಹೋಯಿತು. ಊರಗೋಡೆ ಬಹುಪಾಲು ಇಲ್ಲ, ಆದರೆ 1792ರ ಊರಬಾಗಿಲು ನಿಂತಿದೆ. ನನ್ನ ಟಿಪ್ಪಣಿಯಲ್ಲಿ ಮೊದಲು ಬರೆದದ್ದು ಯಾವ ಕಟ್ಟಡದ ಹೆಸರೂ ಅಲ್ಲ, ಈ ಬೀದಿಗಳ ಹಂಚಿಕೆ. ಮನೆಗಳು ಬದಲಾಗಿವೆ, ಆದರೆ ಬೀದಿಯ ಗೆರೆ, ನಿವೇಶನದ ಅಗಲ, ಬೀದಿಗೆ ಅಂಟಿಕೊಂಡು ನಿಲ್ಲುವ ಮನೆಯ ಮುಖ ಹೆಚ್ಚು ಬದಲಾಗಿಲ್ಲ. ಒಂದು ಮನೆ ಬಿದ್ದರೆ ನಷ್ಟ. ಎರಡು ನಿವೇಶನ ಸೇರಿಸಿ ಬೀದಿಯಿಂದ ಹಿಂದಕ್ಕೆ ಸರಿದು ಕಾರು ನಿಲ್ಲಿಸಲು ಜಾಗ ಬಿಟ್ಟರೆ ಅದಕ್ಕಿಂತ ದೊಡ್ಡ ನಷ್ಟ.

ಆಮೇಲೆ ಮನೆ ಮನೆಗೆ ಒಂದೊಂದು ಹಾಳೆ. ಮುಖದ ಚಿತ್ರ, ಅಳತೆ, ಗೋಡೆ ಏನು, ಮಾಡು ಏನು, ಯಾರಿದ್ದಾರೆ, ಏನು ಬದಲಾಗಿದೆ. ಅಳತೆ ತೆಗೆಯುವಾಗ ನಾಲ್ಕು ಬದಿ ಸಾಲದು, ಕರ್ಣವನ್ನೂ ಅಳೆಯಬೇಕು. ಹಳೆ ಕೋಣೆಗಳು ಕಣ್ಣಿಗೆ ಚೌಕ ಅನಿಸಿದರೂ ನಿಜಕ್ಕೂ ಚೌಕ ಇರುವುದಿಲ್ಲ. ಮಾಡನ್ನು ಕೆಳಗಿನಿಂದ ಟಾರ್ಚ್ ಹಾಕಿ ನೋಡುತ್ತಿದ್ದೆ. ಮದ್ರಾಸ್ ತಾರಸಿ ಆಗಿದ್ದರೆ ಮರದ ತೊಲೆಗಳ ಮೇಲೆ ತೆಳ್ಳಗಿನ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಜೋಡಿಸಿರುತ್ತಾರೆ, ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಕಾಂಕ್ರೀಟ್. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗವೇ ಮೊದಲು ಕೊಳೆಯುವುದು. ಅಲ್ಲಿಗೆ ಒಂದು ಚೂಪಾದ ಸಲಾಕೆ ಚುಚ್ಚಿದರೆ ಮನೆಯ ಆಯಸ್ಸು ಗೊತ್ತಾಗುತ್ತದೆ.

ಉಪ್ಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಕಡಲ ತೀರದ ಊರಲ್ಲಿ ಗೋಡೆಯ ದೊಡ್ಡ ಶತ್ರು ಅದೇ. ನೆಲದ ತೇವ ಗೋಡೆಯೊಳಗೆ ಏರುತ್ತದೆ, ಜೊತೆಗೆ ಉಪ್ಪನ್ನೂ ಏರಿಸುತ್ತದೆ. ಗಾಳಿಯಿಂದ ಬಂದು ಕೂರುವ ಉಪ್ಪು ಬೇರೆ. ನೀರು ಆರಿದಾಗ ಉಪ್ಪು ಹರಳಾಗಿ ಬೆಳೆದು ಗಾರೆಯನ್ನು ಒಳಗಿನಿಂದ ತಳ್ಳುತ್ತದೆ. ಸುಣ್ಣದ ಗಾರೆ ಇದ್ದರೆ ತೇವ ಹೊರಗೆ ಹೋಗುತ್ತದೆ, ಗಾರೆ ಉದುರುತ್ತದೆ, ಇಟ್ಟಿಗೆ ಉಳಿಯುತ್ತದೆ. ಉದುರುವುದೇ ಅದರ ಕೆಲಸ, ಮತ್ತೆ ಬಳಿದರೆ ಆಯಿತು. ನೋಡುವವರಿಗೆ ಮಾತ್ರ ಗೋಡೆ ಹಾಳಾಗಿದೆ ಅನಿಸಿ ಸಿಮೆಂಟ್ ಹೊಡೆಸುತ್ತಾರೆ. ಸಿಮೆಂಟ್ ಗಟ್ಟಿ, ತೇವಕ್ಕೆ ದಾರಿ ಬಿಡುವುದಿಲ್ಲ. ನೀರು ಗೋಡೆಯಲ್ಲಿ ಇನ್ನೂ ಮೇಲಕ್ಕೆ ಏರುತ್ತದೆ. ಹೊರಗೆ ಹೊಸ ಗೋಡೆ, ಒಳಗೆ ಇಟ್ಟಿಗೆ ಹಿಟ್ಟು.

ನಾನು ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋಗುತ್ತಿದ್ದೆ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು. ಸಿಮೆಂಟ್ ತೆಗೆಸಿದ ಕಡೆ ಕಾಗದದ ತಿರುಳನ್ನು ನೀರಲ್ಲಿ ಕಲಸಿ ಗೋಡೆಗೆ ಮೆತ್ತಿ, ಆರಿದ ಮೇಲೆ ಕಿತ್ತು ಬಿಸಾಡಿದೆವು. ಉಪ್ಪು ಅದರ ಜೊತೆ ಬರುತ್ತದೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಆಮೇಲೆ ಸುಣ್ಣದ ಗಾರೆ. ಸ್ಥಳೀಯ ಮೇಸ್ತ್ರಿಗಳು ಸುಣ್ಣಕ್ಕೆ ಅಳಲೆಕಾಯಿ ಮತ್ತು ಬೆಲ್ಲದ ನೀರು ಸೇರಿಸುತ್ತಾರೆ. ಈ ಅಳತೆ ಅವರ ಕೈಯಲ್ಲಿದೆ, ನನ್ನ ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಹೊಸದಾಗಿ ಒಂದು ಕಾಲಂ ಹಾಕಿದೆ: ಈ ಕೆಲಸ ಬಲ್ಲವರು ಹತ್ತಿರದಲ್ಲಿ ಇದ್ದಾರಾ? ಕಟ್ಟಡದ ಬೆಲೆ ಎಷ್ಟೇ ಇದ್ದರೂ ಅದನ್ನು ದುರಸ್ತಿ ಮಾಡುವ ಕೈ ಇಲ್ಲದಿದ್ದರೆ ಏನು ಪ್ರಯೋಜನ, ಅಲ್ವಾ?

ಯಾವ ಕಟ್ಟಡ ಎಷ್ಟು ಮುಖ್ಯ ಎಂದು ದರ್ಜೆ ಕೊಡುವುದು ತಲೆನೋವಿನ ಕೆಲಸ. ಜಿಯಾನ್ ಚರ್ಚ್ 1701ರದ್ದು, ನ್ಯೂ ಜೆರುಸಲೇಂ ಚರ್ಚ್ 1718ರದ್ದು, ಇವಕ್ಕೆ ಮೊದಲ ದರ್ಜೆ ಕೊಡಲು ಯಾರೂ ತಕರಾರು ಮಾಡುವುದಿಲ್ಲ. ತಕರಾರು ಬಂದದ್ದು ಸಣ್ಣ ಮನೆಗಳಿಗೆ. ಹೊರಗೆ ಯುರೋಪಿನ ಥರದ ಕಂಬ, ಒಳಗೆ ತಮಿಳು ಮನೆಯ ತೊಟ್ಟಿ, ಮುಂದೆ ಜಗುಲಿ. ಇದನ್ನು ಡ್ಯಾನಿಷ್ ಅನ್ನಬೇಕಾ, ತಮಿಳು ಅನ್ನಬೇಕಾ ಎಂದು ತಂಡದಲ್ಲಿ ಜಗಳವಾಯಿತು. ಕಟ್ಟಿದ ಕೈ ಇಲ್ಲಿಯದು, ಇಟ್ಟಿಗೆ ಸುಣ್ಣ ಇಲ್ಲಿಯದು, ಬಾಳಿದವರು ಇಲ್ಲಿಯವರು. ವಸಾಹತು ಕಟ್ಟಡ ಎಂದು ಒಂದೇ ಮಾತಲ್ಲಿ ಮುಗಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಸಂಸ್ಥೆ ಇನ್‌ಟ್ಯಾಕ್‌ನ 2004ರ ಚಾರ್ಟರ್, ಅಂದರೆ ಮಾರ್ಗಸೂಚಿ, ಕಾನೂನಿನ ರಕ್ಷಣೆ ಸಿಗದ ಕಟ್ಟಡಗಳ ಬಗ್ಗೆಯೇ ಇದೆ, ಅವನ್ನು ಕಟ್ಟಿ ಉಳಿಸಿಕೊಂಡು ಬಂದ ಮೇಸ್ತ್ರಿಗಳ ಪರಂಪರೆಗೂ ಬೆಲೆ ಕೊಡುತ್ತದೆ. ಅದು ನನ್ನ ವಾದಕ್ಕೆ ಬಲ ಕೊಟ್ಟಿತು. ಗೋಲ್ಡ್‌ಸ್ಮಿತ್ ಸ್ಟ್ರೀಟಿನಲ್ಲಿ ಇನ್‌ಟ್ಯಾಕ್ ದುರಸ್ತಿ ಮಾಡಿದ ಸಣ್ಣ ಮನೆಗಳನ್ನು ತೋರಿಸಿದ ಮೇಲೆ ವಾದ ತಣ್ಣಗಾಯಿತು.

ಮನೆಯವರ ಜೊತೆ ಮಾತು ಬೇರೆಯೇ ದಾರಿ ಹಿಡಿಯುತ್ತಿತ್ತು. ಪಾರಂಪರಿಕ ಮೌಲ್ಯ ಎಂದರೆ ಅವರಿಗೆ ಭಯ: ನಾಳೆ ಮೊಳೆ ಹೊಡೆಯಲೂ ಬಿಡುವುದಿಲ್ಲವೇನೋ ಎಂದು. ಹಾಗಾಗಿ ಆ ಮಾತನ್ನೇ ಎತ್ತದೆ, ಮನೆಯಲ್ಲಿ ಏನು ತೊಂದರೆ ಎಂದು ಕೇಳುತ್ತಿದ್ದೆ. ವಯಸ್ಸಾದ ಅಮ್ಮ ಒಬ್ಬರು ಜಗುಲಿ ತೋರಿಸಿದರು. ಮೊದಲು ಬೀದಿಯಿಂದ ಹತ್ತಬೇಕಿತ್ತಂತೆ, ಈಗ ಮಳೆನೀರು ನೇರ ಒಳಗೆ. ಪ್ರತಿ ಸಲ ಹಳೆ ಡಾಂಬರಿನ ಮೇಲೆ ಹೊಸ ಡಾಂಬರು ಹಾಕಿ ರಸ್ತೆ ಎತ್ತರವಾಗಿದೆ. ಆ ಬೀದಿಯ ಎಲ್ಲ ಹೊಸ್ತಿಲುಗಳ ಎತ್ತರ ಅಳೆದು ನೋಡಿದೆ, ತೇವ ಜಾಸ್ತಿ ಇದ್ದ ಮನೆಗಳಲ್ಲಿ ಹೊಸ್ತಿಲು ರಸ್ತೆಯ ಮಟ್ಟಕ್ಕೆ ಬಂದಿತ್ತು.

ವರದಿಯಲ್ಲಿ ಶಿಫಾರಸುಗಳ ಮೊದಲ ಸಾಲು ಅದೇ ಆಯಿತು: ಹೊಸ ಡಾಂಬರು ಹಾಕುವ ಮುಂಚೆ ಹಳೆಯದನ್ನು ಕೆರೆದು ತೆಗೆಯಬೇಕು, ಚರಂಡಿಯನ್ನು ಜಗುಲಿಗಿಂತ ಕೆಳಗೆ ಇಡಬೇಕು. ಕಂಬಗಳ ಅಲಂಕಾರದ ಬಗ್ಗೆ ಬರೆದದ್ದೆಲ್ಲ ಮೂರನೇ ಪುಟಕ್ಕೆ ಹೋಯಿತು.