ಕಾಲ್ ಕಟ್ ಕಟ್ ಆಗ್ತಿದ್ಯಾ? ಅಪ್‌ಲೋಡ್ ಮಿತಿ ಸ್ವಲ್ಪ ಇಳಿಸಿ ನೋಡಿ

ಮನೆಯಲ್ಲಿ ಯಾರದೋ ಫೋನಿನ ಫೋಟೋ ಬ್ಯಾಕಪ್ ಶುರುವಾದ ಕೂಡಲೇ ನಿಮ್ಮ ವಾಟ್ಸಾಪ್ ಕಾಲ್ ತುಂಡಾಗುತ್ತಿದ್ದರೆ, ರೌಟರ್ ಸೆಟ್ಟಿಂಗ್ಸ್‌ನ ಕ್ಯೂಓಎಸ್ (ಯಾವ ಡೇಟಾ ಮೊದಲು ಹೋಗಬೇಕು ಅಂತ ಹೇಳುವ) ಪುಟದಲ್ಲಿ ಅಪ್‌ಲೋಡ್ ಮಿತಿಯನ್ನು ನಿಜವಾಗಿ ಸಿಗುವ ವೇಗದ 85-90%ಗೆ ಇಳಿಸಿ. ಪ್ಲ್ಯಾನಿನಲ್ಲಿ ಬರೆದದ್ದಲ್ಲ, ಸ್ಪೀಡ್ ಟೆಸ್ಟ್‌ನಲ್ಲಿ ಬಂದದ್ದು. 20 ಎಂಬಿಪಿಎಸ್ ಬಂದರೆ 17 ಹಾಕಿ. ಎಸ್‌ಕ್ಯೂಎಂ (ಎಲ್ಲರ ಡೇಟಾಗೂ ರೌಟರೇ ಸರದಿ ಹಂಚುವ ವ್ಯವಸ್ಥೆ) ಅನ್ನುವ ಆಯ್ಕೆ ಕಂಡರೆ ಸುಮ್ನೆ ಅದನ್ನೇ ಆನ್ ಮಾಡಿ. ಇಲ್ಲದಿದ್ದರೆ ಕಾಲ್ ಮಾಡುವ ಫೋನಿಗೆ ಹೈ ಪ್ರಯಾರಿಟಿ ಕೊಡಿ. ಒಂದು ವಾಯ್ಸ್ ಕಾಲ್‌ಗೆ ಬೇಕಾಗೋದು ಹೆಚ್ಚೆಂದರೆ 100 ಕೆಬಿಪಿಎಸ್ ಅಷ್ಟೆ. ಹಾಗಾಗಿ ತೊಂದರೆ ವೇಗದ್ದಲ್ಲ, ಕಾಯುವುದರದ್ದು. ಲೈನ್ ಪೂರ್ತಿ ತುಂಬಿದಾಗ ಮಾತಿನ ಪ್ಯಾಕೆಟ್‌ಗಳು (ಡೇಟಾದ ಸಣ್ಣ ತುಣುಕುಗಳು) ಮೋಡೆಮ್ ಒಳಗೆ ಫೋಟೋಗಳ ಹಿಂದೆ ಸಾಲಿನಲ್ಲಿ ನಿಲ್ಲುತ್ತವೆ. ಸ್ವಲ್ಪ ಜಾಗ ಬಿಟ್ಟರೆ ಆ ಸಾಲು ನಿಮ್ಮ ರೌಟರಿನಲ್ಲೇ ಇರುತ್ತದೆ, ಯಾರನ್ನು ಮುಂದೆ ಬಿಡಬೇಕು ಅನ್ನುವುದು ಅದರ ಕೈಲಿರುತ್ತದೆ. ಕೆಲಸ ಮಾಡಿತೋ ಇಲ್ಲವೋ ನೋಡಲು ದೊಡ್ಡ ವಿಡಿಯೋ ಒಂದನ್ನು ಅಪ್‌ಲೋಡ್‌ಗೆ ಹಾಕಿ ಪಿಂಗ್ (ಡೇಟಾ ಹೋಗಿ ಬರಲು ಹಿಡಿಯುವ ಸಮಯ) ನೋಡಿ: 20 ಮಿಲಿಸೆಕೆಂಡ್ ಇದ್ದದ್ದು 300ಕ್ಕೆ ಜಿಗಿಯಬಾರದು. ವೈಫೈ ಸಿಗ್ನಲ್ಲೇ ವೀಕ್ ಇದ್ದರೆ ಇದರಿಂದ ಏನೂ ಆಗಲ್ಲ, ಮೊದಲು ರೌಟರ್ ಹತ್ತಿರ ಕೂತು ಮಾತಾಡಿ ನೋಡಿ. ಸಿಮ್ ಹಾಕುವ 4ಜಿ, 5ಜಿ ರೌಟರ್‌ಗಳಲ್ಲೂ ಕಷ್ಟ. ವೇಗ ಗಂಟೆಗೊಂದು ಥರ ಇರುವಾಗ ಮಿತಿ ಎಷ್ಟಿಡೋದು, ಅಲ್ವಾ? ರಾತ್ರಿ ಹೊತ್ತು ಕಂಪನಿ ಕಡೆಯ ಲೈನೇ ಜಾಮ್ ಆದರೆ ನಿಮ್ಮ ರೌಟರ್ ಪಾಪ ಏನು ಮಾಡೀತು.