ಹಳೆಯ ಸ್ಟೀಲ್ ದೋಣಿಯ ತುಕ್ಕು: ಗುಳಿ ಎಲ್ಲಿದೆ, ಯಾಕಿದೆ

ಹಳೆಯ ಸ್ಟೀಲ್ ದೋಣಿ ಇಟ್ಟುಕೊಂಡವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಪ್ಲೇಟ್ ಇನ್ನೂ ಎಷ್ಟು ದಪ್ಪ ಉಳಿದಿದೆ? ದೋಣಿಗೆ ತೂತು ಬೀಳುವುದು ಅತಿ ಆಳದ ಗುಳಿಯಲ್ಲಿ. ಮಿಕ್ಕ ಪ್ಲೇಟ್ ಎಷ್ಟೇ ದಪ್ಪ ಇದ್ದರೂ ಅದರಿಂದ ಉಪಯೋಗ ಇಲ್ಲ. ಹಾಗಾಗಿ ಆ ಗುಳಿ ಎಲ್ಲಿದೆ, ಯಾಕೆ ಅಲ್ಲೇ ಆಯಿತು ಅನ್ನುವುದನ್ನು ಮೊದಲು ಹುಡುಕಬೇಕು.

ನಮ್ಮ ನ್ಯಾರೋಬೋಟ್ (ಕಾಲುವೆಗೆಂದೇ ಕಟ್ಟುವ ಉದ್ದನೆಯ, ಕಿರಿದಾದ ದೋಣಿ) ಇರುವುದು ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನಲ್ಲಿ, ಗ್ರ್ಯಾಂಡ್ ಯೂನಿಯನ್ ಕಾಲುವೆಯ ಮೇಲೆ. ಲಂಡನ್ನಿಂದ ಬರ್ಮಿಂಗ್‌ಹ್ಯಾಮ್‌ವರೆಗೆ 137 ಮೈಲಿ ಹೋಗುವ ಕಾಲುವೆ ಇದು. ನಾನೂ ನನ್ನ ಹೆಂಡತಿಯೂ ಇದರಲ್ಲೇ ವಾಸ. ಈ ದೇಶದ ಕಿರಿದಾದ ಕಾಲುವೆಗಳಲ್ಲಿ ಲಾಕ್‌ಗಳ (ನೀರಿನ ಮಟ್ಟ ಬದಲಿಸಿ ದೋಣಿಯನ್ನು ಏರಿಸುವ, ಇಳಿಸುವ ಕಟ್ಟೆಗಳು) ಅಗಲ ಸುಮಾರು ಏಳಡಿ, ಆದ್ದರಿಂದ ದೋಣಿ ಅದಕ್ಕಿಂತ ಚೂರು ಕಡಿಮೆ ಅಗಲ. ಈಗ ಕಟ್ಟುವ ದೋಣಿಗಳಿಗೆ ತಳಕ್ಕೆ 10 ಮಿ.ಮೀ., ಪಕ್ಕಕ್ಕೆ 6, ಕ್ಯಾಬಿನ್ನಿಗೆ 4 ಮಿ.ಮೀ. ಪ್ಲೇಟ್ ಹಾಕುವುದು ವಾಡಿಕೆ. ನಮ್ಮದು 1980ರ ದಶಕದ್ದು, ತಳಕ್ಕೂ ಪಕ್ಕಕ್ಕೂ 6 ಮಿ.ಮೀ. ಅಷ್ಟೇ. ಇಷ್ಟು ಹಳೆಯ ದೋಣಿಗೆ ಪೂರ್ತಿ ವಿಮೆ ಬೇಕೆಂದರೆ ಕಂಪನಿಗಳು ಹಲ್ (ದೋಣಿಯ ಹೊರ ಒಡಲು) ಸರ್ವೆ ವರದಿ ಕೇಳುತ್ತವೆ. 4 ಮಿ.ಮೀ.ಗಿಂತ ತೆಳ್ಳಗಿನ ಜಾಗ ಕಂಡರೆ ರಿಪೇರಿ ಮಾಡಿಸಿ ಬನ್ನಿ ಅನ್ನುವುದೇ ಜಾಸ್ತಿ.

ಡ್ರೈ ಡಾಕ್‌ನಲ್ಲಿ (ನೀರು ಖಾಲಿ ಮಾಡಿ ದೋಣಿ ರಿಪೇರಿ ಮಾಡುವ ಕಟ್ಟೆ) ನೀರು ಇಳಿದ ಕೂಡಲೇ ಎಲ್ಲರೂ ಪ್ರೆಷರ್ ವಾಷರ್ ಹಿಡಿಯುತ್ತಾರೆ, ಪಾಚಿ ಒಣಗಿ ಅಂಟಿಕೊಳ್ಳುವ ಮುಂಚೆ ತೊಳೆಯಬೇಕಲ್ವಾ. ಆದರೆ ಅದಕ್ಕೂ ಮುಂಚೆ ಒಂದು ಸುತ್ತು ಹಾಕಿ ನೋಡಿ. ತೊಳೆದ ಮೇಲೆ ಸಾಕ್ಷಿ ಹೊರಟುಹೋಗುತ್ತದೆ. ನಮ್ಮ ದೋಣಿಯ ಎಡಪಕ್ಕದಲ್ಲಿ, ನೀರಿನ ಮಟ್ಟದಿಂದ ಒಂದು ಗೇಣು ಕೆಳಗೆ, ಕಿತ್ತಳೆ ಬಣ್ಣದ ಗುಳ್ಳೆಗಳು ಸಾಲಾಗಿದ್ದವು. ಒಂದೊಂದೂ ಹಳೆಯ ಎಂಟಾಣೆಯಷ್ಟು ಅಗಲ. ಸ್ಕ್ರೇಪರ್ ತುದಿಯಿಂದ ಒತ್ತಿದೆ. ಮೇಲಿನ ಪದರ ಒಡೆದು ಒಳಗಿಂದ ಕಪ್ಪು ಲೋಳೆ ಬಂತು, ಕೊಳೆತ ಮೊಟ್ಟೆಯ ವಾಸನೆ. ಲೋಳೆ ಒರೆಸಿದರೆ ಅಡಿಯಲ್ಲಿ ಒಂದು ಗುಳಿ, ಕಡಲೆಬೇಳೆ ಕೂರುವಷ್ಟು. ಗುಳಿಯ ತಳದಲ್ಲಿ ಸ್ಟೀಲ್ ಈಗಷ್ಟೇ ಉಜ್ಜಿದ ಹಾಗೆ ಫಳಫಳ ಹೊಳೆಯುತ್ತಿತ್ತು.

ಆ ಹೊಳಪು ಕಂಡು ಖುಷಿಪಡುವ ಹಾಗಿಲ್ಲ. ಕಪ್ಪು ಲೋಳೆ, ವಾಸನೆ, ಅಡಿಯಲ್ಲಿ ಹೊಳಪು, ಮೂರೂ ಒಟ್ಟಿಗೆ ಕಂಡರೆ ಬ್ಯಾಕ್ಟೀರಿಯಾದ ಮೇಲೆ ಅನುಮಾನ ಪಡಬೇಕು. ಸಲ್ಫೇಟ್ ಬಳಸಿ ಬದುಕುವ ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಡ. ಪಾಚಿ, ತುಕ್ಕಿನ ಹೊಪ್ಪಳೆ, ಎದ್ದ ಬಣ್ಣ, ಇವುಗಳ ಅಡಿಯೇ ಅವುಗಳ ಮನೆ. ಸುಮ್ನೆ ಮೇಲಿಂದ ಕಪ್ಪು ಬಣ್ಣ ಬಳಿದರೆ ಮನೆಗೆ ಇನ್ನೊಂದು ಸೂರು ಕಟ್ಟಿಕೊಟ್ಟ ಹಾಗೆ. ನಾವು ಕಾಲುವೆ ನೀರು ಬಿಟ್ಟು ನಲ್ಲಿ ನೀರಲ್ಲಿ ಪ್ರೆಷರ್ ವಾಷ್ ಮಾಡಿದೆವು. ಆಮೇಲೆ ಬ್ಲೀಚ್ ಕಲಸಿದ ನೀರು ಹಾಕಿ, ನೆನೆಯಲು ಬಿಟ್ಟು, ಮತ್ತೆ ಚೆನ್ನಾಗಿ ತೊಳೆದೆವು.

ಸರ್ವೆಯಲ್ಲಿ ಬಳಸುವ ಅಲ್ಟ್ರಾಸೋನಿಕ್ ಮೀಟರ್ ತೋರಿಸುವುದು ಪ್ರೋಬ್ (ಅದರ ಅಳೆಯುವ ತುದಿ) ಇಟ್ಟ ಜಾಗದ ದಪ್ಪ. ಸಣ್ಣ ಗುಳಿಯೊಳಗೆ ಪ್ರೋಬ್ ಕೂರುವುದಿಲ್ಲ. ಅದಕ್ಕೆ ಗುಳಿಯ ಆಳವನ್ನು ಬೇರೆ ಗೇಜಿನಲ್ಲಿ ಅಳೆದು ಕಳೆಯಬೇಕು. ನಮ್ಮಲ್ಲಿ ಪ್ಲೇಟ್ 5.6 ಬಂತು, ಅತಿ ಆಳದ ಗುಳಿ 1.9. ಉಳಿದದ್ದು 3.7. ವರದಿಯಲ್ಲಿ ಬರೀ 5.6 ಓದಿದ್ದರೆ ಎಲ್ಲ ಚೆನ್ನಾಗಿದೆ ಅಂದುಕೊಳ್ಳಬಹುದಿತ್ತು.

ಪೂರ್ತಿ ಓವರ್‌ಪ್ಲೇಟಿಂಗ್ ಮಾಡಿಸಿಬಿಡಿ, ಅಂದರೆ ಹಳೆಯ ಪ್ಲೇಟಿನ ಮೇಲೆ ಹೊಸ ಪ್ಲೇಟ್ ವೆಲ್ಡ್ ಮಾಡಿಸಿಬಿಡಿ ಅಂತ ಸಲಹೆ ಬಂತು. 6 ಮಿ.ಮೀ. ಪ್ಲೇಟ್ ಒಂದು ಚದರ ಮೀಟರಿಗೆ ಸುಮಾರು 47 ಕೆ.ಜಿ. ತೂಗುತ್ತದೆ. ಎರಡೂ ಪಕ್ಕಕ್ಕೆ ಹಾಕಿಸಿದರೆ ದೋಣಿ ನೀರಲ್ಲಿ ಇನ್ನಷ್ಟು ಕೆಳಗೆ ಕೂರುತ್ತದೆ, ಸಿಂಕಿನ ನೀರು ಹೊರಹೋಗುವ ತೂತುಗಳು ನೀರಿಗೆ ಹತ್ತಿರವಾಗುತ್ತವೆ. ನಮ್ಮ ಗುಳಿಗಳು ಒಂದೇ ಪಟ್ಟಿಯಲ್ಲಿದ್ದವು, ಸುತ್ತಲಿನ ಪ್ಲೇಟ್ ಗಟ್ಟಿ ಇತ್ತು. ಹಾಗಾಗಿ ಗುಳಿಗಳನ್ನಷ್ಟೇ ವೆಲ್ಡ್ ಮಾಡಿ ತುಂಬಿಸಿದೆವು. ವೆಲ್ಡಿಂಗ್ ನಡೆಯುವಾಗ ಒಳಗೆ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಕೂರಲೇಬೇಕು. ಚಳಿ ತಡೆಯಲು ಪ್ಲೇಟಿನ ಒಳಮೈಗೆ ಹೊಡೆದ ಫೋಮ್ ಕಿಡಿ ತಾಗದಿದ್ದರೂ ಬರೀ ಕಾವಿಗೇ ಹೊತ್ತಿಕೊಳ್ಳಬಹುದು.

ಇನ್ನು ಕರೆಂಟು. ಮರೀನಾದಲ್ಲಿ (ದೋಣಿ ನಿಲ್ದಾಣ) ಎಲ್ಲರೂ ದಡದ ವಿದ್ಯುತ್ತಿಗೆ ಕೇಬಲ್ ಸಿಕ್ಕಿಸುತ್ತಾರೆ. ಆ ಕೇಬಲ್ಲಿನ ಅರ್ತ್ ವೈರ್ ಮೂಲಕ ಎಲ್ಲ ದೋಣಿಗಳ ಒಡಲೂ ಒಂದಕ್ಕೊಂದು ಸೇರಿಬಿಡುತ್ತವೆ, ನೀರು ಮಧ್ಯೆ ಇರುತ್ತದೆ, ಬ್ಯಾಟರಿ ತಯಾರು. ಆನೋಡ್ ಅಂದರೆ ಪ್ಲೇಟಿನ ಬದಲು ತಾನು ಕರಗಲೆಂದು ಒಡಲಿಗೆ ಅಂಟಿಸುವ ಲೋಹದ ತುಂಡು. ಪಕ್ಕದವರ ಆನೋಡ್ ಸವೆದಿದ್ದರೆ ನಿಮ್ಮ ಆನೋಡ್ ಅವರ ದೋಣಿಯನ್ನೂ ಕಾಯುತ್ತದೆ. ಅದು ಕರಗಿ ಮುಗಿದ ಮೇಲೆ ನಿಮ್ಮ ಪ್ಲೇಟಿನ ಸರದಿ. ನಮ್ಮ ದೋಣಿಗೆ ಹಿಂದಿನ ಮಾಲೀಕರ ಕಾಲದಿಂದ ಗ್ಯಾಲ್ವಾನಿಕ್ ಐಸೊಲೇಟರ್ ಇರಲೇ ಇಲ್ಲ, ಆನೋಡ್‌ಗಳು ಬರೀ ಕಂಬಿಯಷ್ಟು ಉಳಿದಿದ್ದವು. ಈಗ ಐಸೊಲೇಟರ್ ಹಾಕಿದ್ದೇವೆ. ಅದರೊಳಗಿನ ಡಯೋಡ್‌ಗಳು ಒಂದು ವೋಲ್ಟಿನ ಆಸುಪಾಸಿನ ಡಿಸಿಯನ್ನು ತಡೆಯುತ್ತವೆ, ಶಾಕ್ ಹೊಡೆಯುವಂಥ ದೋಷ ಬಂದರೆ ದಾರಿ ಬಿಡುತ್ತವೆ. ಖರ್ಚು ಉಳಿಸಲು ಅರ್ತ್ ವೈರ್ ಕಿತ್ತು ಹಾಕಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೇ ಅಪಾಯ.

ಆನೋಡ್‌ಗೆ ಜಿಂಕ್ ಹಾಕು ಅಂತ ಮಲ್ಪೆಯ ನೆಂಟರು ಫೋನಲ್ಲಿ ಹೇಳಿದರು. ಸಮುದ್ರದ ಬೋಟಿಗೆ ಅದು ಸರಿ. ಕಾಲುವೆಯ ಸಿಹಿನೀರಲ್ಲಿ ಜಿಂಕ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೆಗ್ನೀಸಿಯಮ್ಮೇ ಬೇಕು. ಮುಂದೆ ಎರಡು, ಹಿಂದೆ ಎರಡು ವೆಲ್ಡ್ ಮಾಡಿಸಿದೆವು. ಅದರ ಕಾವಲು ಕೆಲವೇ ಮೀಟರ್. ದೋಣಿಯ ನಡುಭಾಗವನ್ನು ಬಣ್ಣವೇ ಕಾಯಬೇಕು. ಬಣ್ಣ ಹಚ್ಚುವಾಗ ಆನೋಡ್ ಮುಚ್ಚಿಡಿ, ಅದರ ಮೇಲೆ ಬಣ್ಣ ಬಿದ್ದರೆ ಅದು ಸತ್ತಂತೆ.

ಬಿಟುಮೆನ್ (ಡಾಂಬರಿನಂಥ ಕಪ್ಪು ಬಣ್ಣ) ಅಗ್ಗ, ಹಚ್ಚುವುದೂ ಸುಲಭ, ಆದರೆ ಎರಡು ಮೂರು ವರ್ಷಕ್ಕೊಮ್ಮೆ ದೋಣಿ ಮೇಲೆತ್ತಬೇಕು. ನೀರಿನ ಮೇಲೆ ತೇಲುವ ಡೀಸೆಲ್ ಕೂಡ ಅದನ್ನು ಮೆತ್ತಗಾಗಿಸುತ್ತದೆ. ನಾವು ಟು-ಪ್ಯಾಕ್ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ ಗಟ್ಟಿ ಬಣ್ಣ) ಆರಿಸಿಕೊಂಡೆವು. ಹಳೆಯ ಬಿಟುಮೆನ್ ಮೇಲೆ ಅದು ಹಿಡಿಯುವುದಿಲ್ಲ, ಗ್ರಿಟ್ ಬ್ಲಾಸ್ಟ್ ಮಾಡಿ (ಒರಟು ಕಣಗಳನ್ನು ರಭಸದಿಂದ ಊದಿ ಕೆರೆದು) ಬರಿ ಸ್ಟೀಲಿಗೆ ಬರಬೇಕು. ಬ್ಲಾಸ್ಟ್ ಆದ ದಿನವೇ ಮೊದಲ ಕೋಟ್ ಬೀಳಬೇಕು. ಪ್ಲೇಟಿನ ಉಷ್ಣತೆ ಇಬ್ಬನಿ ಕೂರುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಇಲ್ಲಿನ ಹವೆಯಲ್ಲಿ ಅದಕ್ಕಾಗಿ ಬೆಳಗಿಡೀ ಕಾಯಬೇಕಾಗುತ್ತದೆ. ಕಾಯಿರಿ.

ಹೊರಗೆ ಇಷ್ಟೆಲ್ಲ ಮಾಡಿದರೂ ತುಕ್ಕು ಒಳಗಿಂದಲೂ ಬರುತ್ತದೆ, ಅದು ಯಾವ ಡಾಕಿನಲ್ಲೂ ಕಾಣುವುದಿಲ್ಲ. ನೆಲದ ಹಲಗೆ ಎತ್ತಿದಾಗ ತೂಕಕ್ಕಿಟ್ಟ ಇಟ್ಟಿಗೆಗಳು ನೀರು ಕುಡಿದು ಪ್ಲೇಟಿಗೆ ಅಂಟಿಕೊಂಡಿದ್ದವು. ನೀರು ಬಂದದ್ದು ಅಡುಗೆಯ ಹಬೆಯಿಂದ. ಸಾರು ಕುದಿಸಿದ ಹಬೆ ತಣ್ಣನೆ ಸ್ಟೀಲಿಗೆ ತಾಗಿ, ಇಳಿದು, ತಳ ಸೇರುತ್ತಿತ್ತು. ಇಟ್ಟಿಗೆ ಎತ್ತಿ, ತುಕ್ಕು ಕೆರೆದು, ಪ್ರೈಮರ್ ಹಚ್ಚಿ, ಕೆಳಗೆ ಗಾಳಿಯಾಡುವ ಹಾಗೆ ಪ್ಲಾಸ್ಟಿಕ್ ಪಟ್ಟಿ ಕೊಟ್ಟು ಮತ್ತೆ ಜೋಡಿಸಿದೆವು. ತಳದಲ್ಲಿ ಸೇರಿದ ನೀರು ಹಿಂದಕ್ಕೆ ಹರಿಯುವುದರಿಂದ ಕ್ಯಾಬಿನ್ನಿನ ಕೊನೆಯಲ್ಲಿ ಒಂದು ಮುಚ್ಚಳ ಮಾಡಿಸಿದ್ದೇವೆ. ತಿಂಗಳಿಗೊಮ್ಮೆ ತೆಗೆದು, ಕೈ ಹಾಕಿ, ಹಸಿ ಇದ್ದರೆ ಒರೆಸುತ್ತೇವೆ. ಸರ್ವೇಯರ್ ಕೊಟ್ಟ ಅಳತೆಗಳನ್ನು ಹಲ್‌ನ ನಕ್ಷೆಯ ಮೇಲೆ ಜಾಗ ಸಮೇತ ಗುರುತು ಮಾಡಿಟ್ಟಿದ್ದೇನೆ. ಮುಂದಿನ ಡಾಕಿಂಗ್‌ನಲ್ಲಿ ಅದೇ ಜಾಗಗಳನ್ನು ಮತ್ತೆ ಅಳೆಸುತ್ತೇನೆ.